ಜಿಆರ್‌ಇ ಪದಗಳು: ಮೊದಲು ಅರ್ಥ, ಆಮೇಲೆ ಉಚ್ಚಾರ, ಎರಡರಲ್ಲೂ ನಾನು ಪಟ್ಟ ಪಾಡು

ಜಿಆರ್‌ಇ, ಅಂದರೆ ಹೊರದೇಶದಲ್ಲಿ ಉನ್ನತ ಓದಿಗೆ ಸೇರಲು ಬರೆಯುವ ಪರೀಕ್ಷೆ, ಮುಗಿಯಿತು. ಅದರ ನಂತರ ವಿಶ್ವವಿದ್ಯಾಲಯದವರು ಮಾಡುವ ವಿಡಿಯೊ ಸಂದರ್ಶನವೂ ಮುಗಿಯಿತು. ಎಲ್ಲಾ ಇನ್ನೂ ನೆನಪಿನಲ್ಲಿರುವಾಗಲೇ ಬರೆದುಬಿಡೋಣ ಅಂತ ಕೂತಿದ್ದೇನೆ, ಯಾಕಂದ್ರೆ ಶುರು ಮಾಡುವಾಗ ಇಂಥದ್ದೊಂದು ಬರಹ ಕನ್ನಡದಲ್ಲಿ ಸಿಕ್ಕಿದ್ದರೆ ನನಗೆ ಎಷ್ಟೋ ಸಮಯ ಉಳಿಯುತ್ತಿತ್ತು. ಗಣಿತದ ಭಾಗದ ಬಗ್ಗೆ ಇಲ್ಲಿ ಏನೂ ಹೇಳುವುದಿಲ್ಲ. ನನ್ನನ್ನು ಹಣ್ಣುಗಾಯಿ ನೀರುಗಾಯಿ ಮಾಡಿದ್ದು ಇಂಗ್ಲಿಷ್ ಪದಗಳು. ಮೊದಲು ಅವುಗಳ ಅರ್ಥ, ಆಮೇಲೆ ಉಚ್ಚಾರ.

ಗೊತ್ತಿಲ್ಲದವರಿಗೆ ಎರಡು ಮಾತು. 2023ರ ಸೆಪ್ಟೆಂಬರ್‌ನಿಂದ ಜಿಆರ್‌ಇ ಚಿಕ್ಕದಾಗಿದೆ, ಒಟ್ಟು ಸುಮಾರು ಎರಡು ಗಂಟೆ. ವರ್ಬಲ್ ಅನ್ನುವ ಇಂಗ್ಲಿಷ್ ಭಾಗದಲ್ಲಿ 27 ಪ್ರಶ್ನೆ, ಎರಡು ತುಂಡಾಗಿ ಬರುತ್ತವೆ, ಸಿಗುವ ಸಮಯ 41 ನಿಮಿಷ. ಅಂಕ 130ರಿಂದ 170ರವರೆಗೆ. ಇದರಲ್ಲಿ ಪದಗಳನ್ನು ನೇರವಾಗಿ ಪರೀಕ್ಷಿಸುವ ಪ್ರಶ್ನೆ ಎರಡು ಥರ. ಒಂದರಲ್ಲಿ ವಾಕ್ಯದ ಖಾಲಿ ಜಾಗ ತುಂಬಬೇಕು. ಕೆಲವು ಪ್ರಶ್ನೆಗಳಲ್ಲಿ ಮೂರು ಜಾಗ ಇರುತ್ತದೆ, ಮೂರೂ ಸರಿಯಾದರೆ ಮಾತ್ರ ಅಂಕ, ಎರಡು ಸರಿ ಮಾಡಿದರೆ ಸೊನ್ನೆ. ಇನ್ನೊಂದರಲ್ಲಿ ಆರು ಪದ ಕೊಟ್ಟು, ವಾಕ್ಯಕ್ಕೆ ಒಂದೇ ಅರ್ಥ ಕೊಡುವ ಎರಡನ್ನು ಆರಿಸಿ ಅನ್ನುತ್ತಾರೆ. ಅಲ್ಲೂ ಎರಡೂ ಸರಿ ಇರಬೇಕು. ಅಂದರೆ ಅರ್ಧಂಬರ್ಧ ಗೊತ್ತಿರುವ ಪದದಿಂದ ಏನೂ ಉಪಯೋಗ ಇಲ್ಲ. ಈ ಒಂದು ವಿಷಯ ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ, ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ನಾನು ಸೇರಿದ್ದ ಒಂದು ಕೋಚಿಂಗ್‌ನಲ್ಲಿ ಮೊದಲ ದಿನವೇ ದೊಡ್ಡ ಪದಪಟ್ಟಿ ಕೈಗಿಟ್ಟರು. ಎಡಗಡೆ ಪದ, ಬಲಗಡೆ ಒಂದು ಸಾಲಿನ ಅರ್ಥ. ಎ ಇಂದ ಝೆಡ್‌ವರೆಗೆ. ಬಾಯಿಪಾಠ ಮಾಡಿ, ವಾರ ವಾರ ಟೆಸ್ಟ್ ಇಡುತ್ತೇವೆ ಅಂದರು. ಅಕ್ಷರ ಕ್ರಮದಲ್ಲಿ ಓದುವುದರ ಕಷ್ಟ ಬೇಗ ಗೊತ್ತಾಗುತ್ತದೆ. 'ಅಬೇಟ್' ಅಂದರೆ ಕಡಿಮೆಯಾಗು, 'ಅಬೆಟ್' ಅಂದರೆ ತಪ್ಪು ಕೆಲಸಕ್ಕೆ ಕುಮ್ಮಕ್ಕು ಕೊಡು, 'ಅಬೇಯನ್ಸ್' ಅಂದರೆ ತಾತ್ಕಾಲಿಕವಾಗಿ ತಡೆದಿಟ್ಟ ಸ್ಥಿತಿ, 'ಅಬೆರಂಟ್' ಅಂದರೆ ಸಹಜ ದಾರಿ ಬಿಟ್ಟದ್ದು. ಬರೆದಾಗ ಒಂದೇ ಥರ ಕಾಣುವ ಇಂಥ ಪದಗಳನ್ನು ಒಂದೇ ಸಂಜೆ ಓದಿದರೆ ಮಾರನೇ ದಿನ ಯಾವುದರ ಅರ್ಥ ಯಾವುದಕ್ಕೆ ಅಂಟಿಕೊಂಡಿದೆ ಅಂತಲೇ ತಿಳಿಯುವುದಿಲ್ಲ. ವಾರದ ಟೆಸ್ಟ್ ಪಾಸಾಗುತ್ತಿತ್ತು, ಯಾಕಂದ್ರೆ ಹಿಂದಿನ ರಾತ್ರಿ ಓದಿದ್ದು ಬೆಳಿಗ್ಗೆವರೆಗೆ ಉಳಿಯುತ್ತದೆ. ತಿಂಗಳು ಬಿಟ್ಟು ಹಿಂದಿರುಗಿ ನೋಡಿದರೆ ಪುಟ ಪೂರ್ತಿ ಹೊಸದಾಗಿ ಕಾಣುತ್ತಿತ್ತು. ಅಂಥ ಹೊತ್ತಲ್ಲಿ ನನ್ನ ತಲೆಗೇ ಏನೋ ಆಗಿದೆ ಅಂತ ಅನ್ನಿಸಿ ಅಳು ಬರುವಷ್ಟು ಬೇಜಾರಾಗುತ್ತದೆ. ಆದರೆ ಇದು ತಲೆಯ ದೋಷ ಅಲ್ಲ. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಇದನ್ನು ಬರೆದಿಟ್ಟಿದ್ದಾನೆ: ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಜೋರಾಗಿ ಸೋರಿ ಹೋಗುತ್ತದೆ, ಮಧ್ಯೆ ಮಧ್ಯೆ ಬಿಡುವು ಕೊಟ್ಟು ಮತ್ತೆ ಓದಿದರೆ ನಿಲ್ಲುತ್ತದೆ.

ಇದಕ್ಕೆ ಪರಿಹಾರವಾಗಿ ಕಾರ್ಡ್‌ಗಳಿಗೆ ಬಂದೆ. ರಟ್ಟಿನ ಕಾರ್ಡ್‌ಗಳನ್ನು ಡಬ್ಬಿಗಳಲ್ಲಿ ಇಟ್ಟು, ನೆನಪಿದ್ದ ಕಾರ್ಡನ್ನು ಮುಂದಿನ ಡಬ್ಬಿಗೆ ದಾಟಿಸಿ ತಡವಾಗಿ ನೋಡುವುದು, ಮರೆತದ್ದನ್ನು ಮೊದಲ ಡಬ್ಬಿಗೆ ವಾಪಸ್ ಹಾಕುವುದು, ಈ ವಿಧಾನವನ್ನು ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಜನಪ್ರಿಯ ಮಾಡಿದ. ಈಗ ಅದೇ ಕೆಲಸವನ್ನು ಆಂಕಿ ಎಂಬ ಆ್ಯಪ್ ಮಾಡುತ್ತದೆ. ಕಂಪ್ಯೂಟರ್‌ನಲ್ಲಿ, ಆಂಡ್ರಾಯ್ಡ್‌ನಲ್ಲಿ ಉಚಿತ. ಐಫೋನ್‌ನಲ್ಲಿ ದುಡ್ಡು ಕೊಡಬೇಕು, ಆದರೆ ಅದರ ವೆಬ್ ರೂಪವನ್ನು ಬ್ರೌಸರ್‌ನಲ್ಲಿ ಸುಮ್ನೆ ತೆರೆದು ಬಳಸಬಹುದು. ಇಲ್ಲಿ ಒಂದು ಎಚ್ಚರಿಕೆ. ದಿನಕ್ಕೆ 20 ಹೊಸ ಕಾರ್ಡ್ ಅನ್ನುವುದು ಅದರಲ್ಲಿ ಮೊದಲೇ ಇರುವ ಸೆಟ್ಟಿಂಗ್. ಮೊದಲ ವಾರ ಹಗುರವಾಗಿ ಕಾಣುತ್ತದೆ, ಆಮೇಲೆ ಹಳೆಯ ಕಾರ್ಡ್‌ಗಳು ಪುನಃ ಪುನಃ ಬರಲು ಶುರುವಾಗಿ ಒಂದು ದಿನ ತಪ್ಪಿಸಿದರೂ ರಾಶಿ ಬೀಳುತ್ತದೆ. ಜ್ವರ ಬಂದು ಕೆಲವು ದಿನ ಮಲಗಿ ಎದ್ದಾಗ ಎದುರಿಗಿದ್ದ ಆ ರಾಶಿ ನೋಡಿ ಎದೆ ಧಸಕ್ ಅಂದಿತು. ಹೊಸ ಕಾರ್ಡ್ ಪೂರ್ತಿ ನಿಲ್ಲಿಸಿ, ಹಳೆಯದನ್ನು ಮುಗಿಸಿದ ಮೇಲೆ ದಿನಕ್ಕೆ 10ಕ್ಕೆ ಇಳಿಸಿದೆ. ಆಗ ಉಸಿರಾಡುವಂತಾಯಿತು. ನೀವು ಮೊದಲೇ 10ಕ್ಕೆ ಇಟ್ಟುಬಿಡಿ.

ಬೇರೆಯವರು ಮಾಡಿದ ರೆಡಿ ಡೆಕ್‌ಗಳೂ, ಅಂದರೆ ಕಾರ್ಡ್‌ಗಳ ಕಟ್ಟುಗಳೂ, ಸಿಗುತ್ತವೆ. ನೋಡಬಹುದು, ಆದರೆ ಕಾರ್ಡನ್ನು ನಾವೇ ಬರೆಯುವಾಗ ಆಗುವ ಕಲಿಕೆಯೇ ಬೇರೆ. ನನ್ನ ಕಾರ್ಡ್‌ನ ಮುಂದಿನ ಬದಿಯಲ್ಲಿ ಪದ ಒಂದೇ ಇರುತ್ತಿರಲಿಲ್ಲ, ಪೂರ್ತಿ ವಾಕ್ಯ ಇರುತ್ತಿತ್ತು. ಇದಕ್ಕೆ ಕಾರಣ ಇದೆ.

ಈ ಪರೀಕ್ಷೆಯಲ್ಲಿ ಕಷ್ಟದ ಪದಗಳಿಗಿಂತ ಜಾಸ್ತಿ ಕಾಡಿದ್ದು ಸುಲಭದ ಪದಗಳು. 'ಕ್ವಾಲಿಫೈ' ಅಂದರೆ ನಮಗೆಲ್ಲ ಅರ್ಹತೆ ಪಡೆಯುವುದು. ಪ್ರಶ್ನೆಯಲ್ಲಿ ಒಬ್ಬ ಲೇಖಕ ತನ್ನ ಹೇಳಿಕೆಯನ್ನು 'ಕ್ವಾಲಿಫೈ' ಮಾಡಿದ ಅಂದರೆ, 'ಹೀಗೇ ಅಂತ ಖಡಾಖಂಡಿತವಾಗಿ ಅಲ್ಲ, ಇಂಥ ಸಂದರ್ಭದಲ್ಲಿ ಮಾತ್ರ' ಅಂತ ಅದರ ಬಿಗಿ ಸಡಿಲಿಸಿದ ಅಂತ. 'ಅರೆಸ್ಟ್' ಅಂದರೆ ಯಾವುದೋ ಬೆಳವಣಿಗೆಯನ್ನು ತಡೆದು ನಿಲ್ಲಿಸುವುದು. 'ಚೆಕ್' ಅಂದರೆ ಹಿಡಿತದಲ್ಲಿಡುವುದು. 'ಟೆಂಪರ್' ಅಂದರೆ ಹದಕ್ಕೆ ತರುವುದು. 'ಪೆಡೆಸ್ಟ್ರಿಯನ್' ಅಂದರೆ ಸಪ್ಪೆಯಾದದ್ದು, ಹೊಸತನ ಇಲ್ಲದ್ದು. 'ಸ್ಯಾಂಕ್ಷನ್' ಅಂತೂ ಒಂದು ವಾಕ್ಯದಲ್ಲಿ ಅನುಮತಿ, ಇನ್ನೊಂದರಲ್ಲಿ ದಂಡನೆ. ಪದಪಟ್ಟಿಯಲ್ಲಿ ಇವು ಇರುವುದೇ ಇಲ್ಲ, ಇದ್ದರೂ ಗೊತ್ತಿರುವುದೇ ಅಲ್ವಾ ಅಂತ ಕಣ್ಣು ದಾಟಿ ಹೋಗುತ್ತದೆ.

ಇನ್ನು ಕೆಲವು ನೋಟದಲ್ಲೇ ದಾರಿ ತಪ್ಪಿಸುತ್ತವೆ. 'ಎನರ್ವೇಟ್' ನೋಡಿದರೆ ಎನರ್ಜಿ ನೆನಪಾಗುತ್ತದೆ, ಅರ್ಥ ತದ್ವಿರುದ್ಧ, ಶಕ್ತಿ ಉಡುಗಿಸುವುದು. 'ನಾಯ್ಸಮ್'ಗೂ ಗಲಾಟೆಗೂ ಸಂಬಂಧ ಇಲ್ಲ, ಅದು ಕೆಟ್ಟ ವಾಸನೆಯದ್ದು. 'ಡಿಸ್‌ಇಂಟರೆಸ್ಟೆಡ್' ಅಂದರೆ ಆಸಕ್ತಿ ಇಲ್ಲದವ ಅಂತ ಅನ್ನಿಸುತ್ತದೆ, ಪರೀಕ್ಷೆಯಲ್ಲಿ ಅದು ಸ್ವಂತ ಲಾಭ ನೋಡದ, ಪಕ್ಷಪಾತ ಇಲ್ಲದ ವ್ಯಕ್ತಿ. 'ಪೆನಲ್ಟಿಮೇಟ್' ಕೊನೆಯದ್ದು ಅಲ್ಲ, ಕೊನೆಯದಕ್ಕಿಂತ ಒಂದು ಹಿಂದಿನದು. 'ನಾನ್‌ಪ್ಲಸ್ಡ್' ಅಂದರೆ ಏನು ಮಾಡಬೇಕು ಅಂತ ತೋಚದೆ ಗಲಿಬಿಲಿಗೊಂಡವ. ಇಂಥವಕ್ಕೆ ನಾನು ಬೇರೆ ಬಣ್ಣ ಕೊಟ್ಟಿದ್ದೆ, ಕಾರ್ಡ್ ಬಂದ ಕೂಡಲೇ ಹುಷಾರಾಗಲಿ ಅಂತ.

ಅರ್ಥ ಒಂದೇ ಆದರೂ ಧ್ವನಿ ಬೇರೆ ಇರುವ ಪದಗಳಲ್ಲಿ ಮಾತ್ರ ಕನ್ನಡ ತುಂಬಾ ಸಹಾಯ ಮಾಡಿತು. 'ಫ್ರೂಗಲ್', 'ಪಾರ್ಸಿಮೋನಿಯಸ್' ಎರಡೂ ಕೈ ಬಿಗಿ ಹಿಡಿದು ಖರ್ಚು ಮಾಡುವವರನ್ನು ಹೇಳುತ್ತವೆ. ಇಂಗ್ಲಿಷ್ ನಿಘಂಟಿನ ವಿವರಣೆ ಓದಿದರೆ ವ್ಯತ್ಯಾಸ ಮನಸ್ಸಿಗೆ ನಾಟಲಿಲ್ಲ. ಮೊದಲನೆಯವರು ಹಿಡಿತದಿಂದ ಖರ್ಚು ಮಾಡುವವರು, ಎರಡನೆಯವರು ಜುಗ್ಗರು ಅಂತ ಬರೆದುಕೊಂಡೆ, ಮತ್ತೆ ಮರೆಯಲಿಲ್ಲ. ಇಂಗ್ಲಿಷ್ ಕಲಿಯುವಾಗ ಕನ್ನಡದಲ್ಲಿ ಯೋಚಿಸಬೇಡಿ ಅಂತ ಉಪದೇಶ ಮಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೊಗಳಿಕೆಯೋ ತೆಗಳಿಕೆಯೋ ಅನ್ನುವುದು ತಾಯ್ನುಡಿಯಲ್ಲಿ ಹೇಳಿಕೊಂಡಾಗ ಒಳಗೆ ಇಳಿಯುವಷ್ಟು ಬೇರೆ ಹೇಗೂ ಇಳಿಯುವುದಿಲ್ಲ.

ಪದಗಳ ಬೇರು ಹಿಡಿದು ಕಲಿಯಲು ಶುರು ಮಾಡಿದಾಗ ಇನ್ನೊಂದು ಖುಷಿ ಕಾದಿತ್ತು. ಲ್ಯಾಟಿನ್, ಗ್ರೀಕ್ ಬೇರುಗಳ ಪಟ್ಟಿ ನೋಡುತ್ತಾ ಹೋದರೆ ಅರ್ಧಕ್ಕರ್ಧ ಎಲ್ಲೋ ಕೇಳಿದಂತೆ ಇದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಅಂತ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಹೇಳಿದ್ದು ಶಾಲೆಯಲ್ಲಿ ಓದಿದ್ದೆ, ಆದರೆ ಅದು ಪರೀಕ್ಷೆಗೆ ಕೆಲಸಕ್ಕೆ ಬರುತ್ತದೆ ಅಂತ ಯಾರೂ ಹೇಳಿರಲಿಲ್ಲ. ಸಂಸ್ಕೃತದಿಂದ ಕನ್ನಡಕ್ಕೆ ಬಂದು ನಾವು ದಿನಾ ಬಳಸುವ ಪದಗಳೇ ಇಲ್ಲಿ ಕೊಂಡಿ. ಅಗ್ನಿ ಗೊತ್ತಿದ್ದರೆ 'ಇಗ್ನೈಟ್' ಬಂತು. ನವ ಗೊತ್ತಿದ್ದರೆ 'ನಾವಿಸ್', 'ಇನೋವೇಟ್'. ಮಧ್ಯದಿಂದ 'ಮೀಡಿಯೋಕರ್'. ಮೃತದಿಂದ 'ಮಾರಿಬಂಡ್', ಅಂದರೆ ಸಾಯುವ ಸ್ಥಿತಿಯಲ್ಲಿರುವುದು. ಜ್ಞಾನದ ಜ್ಞಾ ಹಿಡಿದರೆ 'ಕಾಗ್ನಿಜಂಟ್', 'ಆಗ್ನಾಸ್ಟಿಕ್'. ವಾಕ್ ಇಂದ 'ವೊಸಿಫರಸ್', 'ಇಕ್ವಿವಕಲ್'. ಪಾದದಿಂದ 'ಇಂಪೀಡ್', ಅಂದರೆ ಕಾಲಿಗೆ ಅಡ್ಡ ಬರುವುದು. ಒಂದು ಸಂಜೆ ಪೂರ್ತಿ ಇದನ್ನೇ ಮಾಡುತ್ತಾ ಕೂತಿದ್ದೆ, ಊಟ ತಣ್ಣಗಾದದ್ದೂ ಗೊತ್ತಾಗಲಿಲ್ಲ. ಆದರೆ ಎಲ್ಲಾ ಕಡೆ ಇದು ನಡೆಯುವುದಿಲ್ಲ. 'ಪೆಡಗಾಗ್' ಪದದ ಮೊದಲ ಭಾಗ ಪಾದ ಅಲ್ಲ, ಮಗು ಅನ್ನುವ ಅರ್ಥದ ಗ್ರೀಕ್ ಪದ. 'ಮೆರಿಟ್ರಿಶಸ್' ನೋಡಿ ಮೆರಿಟ್ ಅಂದುಕೊಂಡರೆ ಕೆಟ್ಟಿತು, ಅದು ಮೇಲ್ನೋಟಕ್ಕೆ ಥಳಕು, ಒಳಗೆ ಹುರುಳಿಲ್ಲದ್ದು. ಬೇರು ನೋಡಿ ಊಹೆ ಮಾಡಿ, ಆದರೆ ನಿಘಂಟು ನೋಡದೆ ಕಾರ್ಡ್‌ಗೆ ಹಾಕಬೇಡಿ.

ಪರೀಕ್ಷೆಯ ನೋಂದಣಿ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಗುರುತಿನ ದಾಖಲೆಯಲ್ಲಿ ಹೆಸರು ಹೇಗಿದೆಯೋ ಅಕ್ಷರಕ್ಕಕ್ಷರ ಹಾಗೇ ತುಂಬಿ. ಇನಿಷಿಯಲ್ ಬಿಡಿಸಿ ಬರೆದಿದ್ದಾರೋ ಇಲ್ಲವೋ ಅನ್ನುವುದನ್ನೂ ನೋಡಿಕೊಳ್ಳಿ, ಪರೀಕ್ಷೆಯ ದಿನ ಅದನ್ನು ತಿದ್ದಲು ಆಗುವುದಿಲ್ಲ. ಕೊನೆಗೆ ವರ್ಬಲ್, ಗಣಿತ ಎರಡರ ಅಂಕವನ್ನು ಪರದೆಯ ಮೇಲೇ ತೋರಿಸುತ್ತಾರೆ. ಪ್ರಬಂಧದ ಅಂಕ ಮತ್ತು ಅಧಿಕೃತ ಪತ್ರಕ್ಕೆ 8ರಿಂದ 10 ದಿನ ಕಾಯಬೇಕು. ಅಂಕ 5 ವರ್ಷ ಚಾಲ್ತಿಯಲ್ಲಿರುತ್ತದೆ. ಪರದೆ ಮೇಲೆ ವರ್ಬಲ್ ಅಂಕ ನೋಡಿದಾಗ ಕಣ್ಣು ತುಂಬಿ ಬಂತು, ಅಷ್ಟು ಹೇಳಿದರೆ ಸಾಕು.

ಆಮೇಲೆ ಬಂತು ಸಂದರ್ಶನದ ಇಮೇಲ್.

ಜಿಆರ್‌ಇಯಲ್ಲಿ ಯಾವ ಪದವನ್ನೂ ಬಾಯಿಬಿಟ್ಟು ಹೇಳಬೇಕಿಲ್ಲ. ಹಾಗಾಗಿ ತಿಂಗಳುಗಟ್ಟಲೆ ನಾನು ಪದಗಳನ್ನು ಕಣ್ಣಲ್ಲೇ ಕಲಿತಿದ್ದೆ. ಸಂದರ್ಶನಕ್ಕೆ ತಯಾರಿ ಅಂತ ನನ್ನ ಸಂಶೋಧನೆಯ ಬಗ್ಗೆ ಗೆಳತಿಗೆ ಫೋನಲ್ಲಿ ಹೇಳಿ ತೋರಿಸಿದೆ. ಅವಳು ಹಲವು ವರ್ಷದಿಂದ ಇಂಗ್ಲಿಷ್ ಪಾಠ ಮಾಡುತ್ತಿದ್ದಾಳೆ. ಪೂರ್ತಿ ಕೇಳಿಸಿಕೊಂಡು, "ಪದ ಎಲ್ಲಾ ಚೆನ್ನಾಗಿದೆ ಕಣೇ, ಆದ್ರೆ ನೀನು ಇಂಗ್ಲಿಷನ್ನ ಕನ್ನಡ ಓದೋ ಥರ ಓದ್ತಿದ್ದೀಯ. ಎಲ್ಲಾ ಅಕ್ಷರಕ್ಕೂ ಒಂದೇ ತೂಕ ಕೊಡ್ತೀಯ. ಅವರಿಗೆ ಅರ್ಧ ಪದ ತಿಳಿಯಲ್ಲ" ಅಂದಳು. ಎದೆಗೆ ನಾಟಿತು. ಅವಳು ಹೇಳಿದ್ದು ನೂರಕ್ಕೆ ನೂರು ಸತ್ಯ.

ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಅಕ್ಷರ ಕಲಿತವನು ಯಾವ ಹೊಸ ಪದವನ್ನಾದರೂ ಸರಿಯಾಗಿ ಹೇಳಬಲ್ಲ. ಅದು ಎಷ್ಟು ದೊಡ್ಡ ಸವಲತ್ತು ಅಂತ ಇಂಗ್ಲಿಷ್ ಕಲಿಯುವಾಗಲೇ ಗೊತ್ತಾಗುವುದು. ಇಂಗ್ಲಿಷ್ ಕಾಗುಣಿತ ಹೀಗೇಕೆ ಅಂತ ಕೆದಕಿದೆ, ಕಾರಣ ಗೊತ್ತಾದರೆ ಸಿಟ್ಟು ಕಡಿಮೆಯಾಗುತ್ತದೆ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚುಕೂಟ ಇಟ್ಟ. ಅಲ್ಲಿಂದ ಮುಂದೆ ಕಾಗುಣಿತ ಮೆಲ್ಲಗೆ ಗಟ್ಟಿಯಾಗುತ್ತಾ ಬಂತು. ಅದೇ ಹೊತ್ತಿಗೆ, ಸುಮಾರು 1400ರಿಂದ 1700ರ ನಡುವೆ, ಜನರ ಬಾಯಲ್ಲಿ ದೀರ್ಘ ಸ್ವರಗಳು ಬದಲಾಗುತ್ತಿದ್ದವು. ಇವತ್ತಿನ 'ನೇಮ್' ಆ ಕಾಲದ ಮೊದಲಲ್ಲಿ ನಮ್ಮ 'ನಾಮ'ಕ್ಕೆ ಹತ್ತಿರವಾಗಿ ಕೇಳುತ್ತಿತ್ತು. ಸ್ವರ ಬದಲಾಯಿತು, ಬರಹ ಹಳೆಯದೇ ಉಳಿಯಿತು. ಅದರ ಮೇಲೆ ವಿದ್ವಾಂಸರ ಕೈವಾಡ ಬೇರೆ. 'ಡೆಟ್', 'ಡೌಟ್' ಫ್ರೆಂಚ್‌ನಿಂದ ಬಂದಾಗ ಅವುಗಳಲ್ಲಿ ಬಿ ಇರಲಿಲ್ಲ. ಲ್ಯಾಟಿನ್ ಮೂಲದಲ್ಲಿ ಇದೆ ಅಂತ ಆಮೇಲೆ ಬರಹಕ್ಕೆ ಸೇರಿಸಿದರು, ಬಾಯಿಗೆ ಅದು ಬರಲೇ ಇಲ್ಲ. 'ಸಟ್ಲ್'ನ ಬಿ, 'ರಿಸೀಟ್'ನ ಪಿ, 'ಇಂಡೈಟ್'ನ ಸಿ ಎಲ್ಲವೂ ಹೀಗೇ ಮೌನ.

ಪರೀಕ್ಷೆಯ ಪದಗಳಲ್ಲಿ ಕಾಟ ಕೊಡುವುದು ಎರಡು ಗುಂಪು. ಗ್ರೀಕ್‌ನಿಂದ ಬಂದ ಕೆಲವು ಪದಗಳ ಕೊನೆಯ ಇ ಅಕ್ಷರ ಮೌನ ಅಲ್ಲ, ಅದನ್ನು ಹೇಳಬೇಕು. 'ಎಪಿಟೋಮ್' ಅಲ್ಲ, 'ಇಪಿಟಮಿ'. 'ಹೈಪರ್‌ಬೋಲ್' ಅಲ್ಲ, 'ಹೈಪರ್ಬಲಿ'. 'ಸಿನೆಕ್‌ಡಕಿ'ಯೂ ಹಾಗೇ. 'ಕಟಾಸ್ಟ್ರಫಿ' ಹೇಳುವಾಗ ನಮಗೆ ಇದು ಗೊತ್ತಿರುತ್ತದೆ, ಅದನ್ನೇ ಉಳಿದವಕ್ಕೂ ಹಚ್ಚಿದರೆ ಆಯಿತು. ಇನ್ನೊಂದು ಗುಂಪು ಫ್ರೆಂಚ್‌ನವು. 'ಫಸಾಡ್', 'ಮಲೇಜ್', 'ಕ್ಲೀಶೇ'. 'ರ‍್ಯಾಪೋರ್' ಪದದ ಕೊನೆಯ ಟಿ ಹೇಳುವುದಿಲ್ಲ. ಬೇಸರ ಅನ್ನುವ ಅರ್ಥದ, ಇ-ಎನ್-ಎನ್-ಯು-ಐ ಅಂತ ಬರೆಯುವ ಪದವನ್ನು 'ಆನ್‌ವೀ' ಅನ್ನಬೇಕು. ಇವಕ್ಕೆ ನಿಯಮ ಹುಡುಕುತ್ತಾ ಕೂರಬೇಡಿ, ಕೇಳಿ ಕಲಿಯುವುದೇ ದಾರಿ.

ಆದರೆ ಮೌನ ಅಕ್ಷರಗಳಿಗಿಂತ ದೊಡ್ಡದು ಒತ್ತಿನ ವಿಚಾರ. ಇಂಗ್ಲಿಷ್‌ನಲ್ಲಿ ಉದ್ದ ಪದದ ಒಂದು ಸಿಲಬಲ್ (ಒಂದೇ ಸಲಕ್ಕೆ ಬಾಯಿಂದ ಬರುವ ಉಚ್ಚಾರದ ತುಂಡು) ಮಾತ್ರ ಗಟ್ಟಿಯಾಗಿ, ಉದ್ದವಾಗಿ, ಎತ್ತರದ ದನಿಯಲ್ಲಿ ಬರುತ್ತದೆ. ಪಕ್ಕದವು ಮೆತ್ತಗಾಗಿ, ಅವುಗಳ ಸ್ವರ ಅರ್ಧ 'ಅ' ಥರ ಕರಗಿಹೋಗುತ್ತದೆ. ಇದಕ್ಕೆ ಶ್ವಾ ಅನ್ನುತ್ತಾರೆ, ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಬರುವ ಸ್ವರ ಇದೇ. ಕನ್ನಡದಲ್ಲಿ ಒತ್ತು ಬದಲಾದರೆ ಪದ ಬದಲಾಗುವುದಿಲ್ಲ, ಹಾಗಾಗಿ ನಮ್ಮ ಕಿವಿ ಅದನ್ನು ಗಮನಿಸುವುದೇ ಇಲ್ಲ. ಅವರ ಕಿವಿ ಪದವನ್ನು ಗುರುತಿಸುವುದೇ ಅದರಿಂದ. 'ಅಂಬಿಗ್ಯುಅಸ್' ಅನ್ನುವಾಗ ಒತ್ತು 'ಬಿಗ್' ಮೇಲೆ, 'ಆಂಬಿಗ್ಯೂಇಟಿ' ಅನ್ನುವಾಗ 'ಗ್ಯೂ' ಮೇಲೆ. 'ಮ್ಯಾಗ್ನ್ಯಾನಿಮಸ್'ನಲ್ಲಿ 'ನ್ಯಾನ್', 'ಮ್ಯಾಗ್ನನಿಮಿಟಿ'ಯಲ್ಲಿ 'ನಿಮ್'. 'ಹೈಪರ್ಬಲಿ'ಯಲ್ಲಿ ಎರಡನೆಯದರ ಮೇಲೆ ಇದ್ದ ಒತ್ತು 'ಹೈಪರ್‌ಬಾಲಿಕ್' ಆದಾಗ ಮೂರನೆಯದಕ್ಕೆ ಹಾರುತ್ತದೆ. ಇಟಿ, ಇಕ್, ಷನ್ ಅಂತ ಮುಗಿಯುವ ಪದಗಳಲ್ಲಿ ಒತ್ತು ಅದರ ಹಿಂದಿನ ಸಿಲಬಲ್ ಮೇಲೆ, ಇದೊಂದು ನಿಯಮ ನೂರಾರು ಪದಗಳನ್ನು ದಾಟಿಸುತ್ತದೆ. 'ಹೆರಟಿಕ್', 'ಲೂನಟಿಕ್' ಥರದ ಕೆಲವು ಇದಕ್ಕೆ ಹೊರತು, ಅವುಗಳಲ್ಲಿ ಒತ್ತು ಮೊದಲಿಗೇ ಬರುತ್ತದೆ.

ಒಂದೇ ಕಾಗುಣಿತಕ್ಕೆ ಎರಡು ಉಚ್ಚಾರ ಇರುವುದನ್ನೂ ನೋಡಿಕೊಳ್ಳಿ. 'ಏಟ್' ಅಂತ ಮುಗಿಯುವ 'ಡೆಲಿಬರೇಟ್', 'ಎಲಾಬರೇಟ್', 'ಮಾಡರೇಟ್' ಕ್ರಿಯಾಪದ ಆಗಿದ್ದರೆ ಕೊನೆಯಲ್ಲಿ ಪೂರ್ತಿ 'ಏಟ್', ಗುಣವಾಚಕ ಆಗಿದ್ದರೆ ಬರೀ 'ಇಟ್' ಅನ್ನುವಷ್ಟು ಚಿಕ್ಕದು. 'ಆಟ್ರಿಬ್ಯೂಟ್' ನಾಮಪದದಲ್ಲಿ ಒತ್ತು ಮೊದಲ ಸಿಲಬಲ್‌ಗೆ, ಕ್ರಿಯಾಪದದಲ್ಲಿ ಎರಡನೆಯದಕ್ಕೆ. ಕಾರ್ಡ್‌ಗಳಿಗೆ ಆ್ಯಪ್ ತಾನಾಗಿ ಹಾಕುವ ಯಂತ್ರದ ದನಿ ಇಂಥ ಕಡೆ ತಪ್ಪು ರೂಪವನ್ನು ಹೇಳಿಬಿಡುತ್ತಿತ್ತು. ನನಗೆ ಇದು ಗಮನಕ್ಕೆ ಬಂದಿದ್ದು ತಡವಾಗಿ, ಆಮೇಲೆ ಆ ದನಿಗಳನ್ನೆಲ್ಲ ಅಳಿಸಿ ನಿಘಂಟಿನ ದನಿಯನ್ನೇ ಕೇಳತೊಡಗಿದೆ.

ಕೇಂಬ್ರಿಡ್ಜ್, ಆಕ್ಸ್‌ಫರ್ಡ್ ಲರ್ನರ್ಸ್, ಮೆರಿಯಮ್ ವೆಬ್‌ಸ್ಟರ್, ಮೂರೂ ಆನ್‌ಲೈನ್‌ನಲ್ಲಿ ಉಚಿತ. ಮೊದಲೆರಡರಲ್ಲಿ ಬ್ರಿಟಿಷ್, ಅಮೆರಿಕನ್ ಎರಡೂ ದನಿ ಇದೆ. ಉಚ್ಚಾರದ ಚಿಹ್ನೆಗಳ ನಡುವೆ ಮೇಲ್ಗಡೆ ಬರುವ ಸಣ್ಣ ನಿಲುಗೆರೆ ಒತ್ತಿನ ಗುರುತು. ಅದು ಒತ್ತು ಬೀಳುವ ಸಿಲಬಲ್‌ಗಿಂತ ಮೊದಲು ಬರುತ್ತದೆ, ನಂತರ ಅಲ್ಲ. ಈ ಒಂದು ಗುರುತು ಕಲಿತರೆ ಉಳಿದ ಚಿಹ್ನೆಗಳು ನಿಧಾನಕ್ಕೆ ಬಂದರೂ ನಡೆಯುತ್ತದೆ. ಇಷ್ಟಾದ ಮೇಲೆ ಯೂಗ್ಲಿಷ್ ಅನ್ನುವ ತಾಣದಲ್ಲಿ ಆ ಪದ ಹಾಕಿ ನೋಡಿ. ಯೂಟ್ಯೂಬ್ ವಿಡಿಯೊಗಳಲ್ಲಿ ಜನ ಆ ಪದವನ್ನು ನಿಜವಾದ ಮಾತಿನ ಮಧ್ಯೆ ಹೇಳಿರುವ ಜಾಗವನ್ನೇ ತೆಗೆದುಕೊಡುತ್ತದೆ. ಬೇರೆ ಬೇರೆ ಬಾಯಲ್ಲಿ ಒಂದೇ ಪದ ಕೇಳಿದರೆ ಯಾವುದು ಎಲ್ಲರಲ್ಲೂ ಒಂದೇ, ಯಾವುದು ಆ ವ್ಯಕ್ತಿಯದ್ದು ಮಾತ್ರ ಅಂತ ಗೊತ್ತಾಗುತ್ತದೆ. ಬ್ರಿಟಿಷ್ ಬೇಕೋ ಅಮೆರಿಕನ್ ಬೇಕೋ ಮೊದಲೇ ತೀರ್ಮಾನಿಸಿ. 'ಶೆಡ್ಯೂಲ್' ಒಂದು ಕಡೆಯದ್ದು, 'ಲೀಷರ್' ಇನ್ನೊಂದು ಕಡೆಯದ್ದು ಅಂತ ಬೆರೆಸಿದರೆ ತಪ್ಪೇನಲ್ಲ, ಆದರೆ ಕಲಿಯುವಾಗ ನಮಗೇ ಗೊಂದಲ.

ನಾನು ಒಂದು ಪದದ ಮೇಲೆ ಹೇಗೆ ಕೂರುತ್ತಿದ್ದೆ ಅಂತ ಹೇಳುತ್ತೇನೆ. 'ಇಕ್ವಿವಕಲ್', ಅಂದರೆ ಎರಡೂ ಕಡೆಗೆ ಅರ್ಥವಾಗುವಂತೆ ಬೇಕೆಂದೇ ಅಸ್ಪಷ್ಟವಾಗಿ ಆಡಿದ ಮಾತು. ಮೊದಲು ಬರಹ ನೋಡದೆ ದನಿ ಕೇಳುವುದು. ಒತ್ತು ಎಲ್ಲಿ ಅಂತ ಬೆರಳಲ್ಲಿ ಮೇಜು ತಟ್ಟಿ ನೋಡುವುದು, 'ಕ್ವಿವ್' ಹತ್ತಿರ ಬೀಳುತ್ತದೆ. ಆಮೇಲೆ ಪದವನ್ನು ಹಿಂದಿನಿಂದ ಕಟ್ಟುವುದು: ಕಲ್, ವಕಲ್, ಕ್ವಿವಕಲ್, ಇಕ್ವಿವಕಲ್. ಮುಂದಿನಿಂದ ಹೇಳಿದರೆ ಕೊನೆಗೆ ಬರುವ ಹೊತ್ತಿಗೆ ನಾಲಿಗೆ ತೊಡರುತ್ತದೆ, ಹಿಂದಿನಿಂದ ಕಟ್ಟಿದರೆ ಪ್ರತಿ ಸಲವೂ ಗೊತ್ತಿರುವ ಕಡೆಗೇ ಹೋಗುತ್ತೇವೆ. ಈ ಪದದಲ್ಲೇ ಇನ್ನೊಂದು ತೊಡಕೂ ಇದೆ. ಇದರಲ್ಲಿ ಎರಡು ಬೇರೆ ಧ್ವನಿಗಳಿವೆ, ಕನ್ನಡದಲ್ಲಿ ಎರಡಕ್ಕೂ ವ ಒಂದೇ. ಕ್ವಿ ಹೇಳುವಾಗ ಎರಡೂ ತುಟಿ ದುಂಡಗಾಗಬೇಕು, ಹಲ್ಲು ತಾಗಬಾರದು. ಅದರ ಮುಂದಿನ ವ ಹೇಳುವಾಗ ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಿ ಗಾಳಿ ಜುಂಯ್ ಅನ್ನಬೇಕು. ಕನ್ನಡಿ ಮುಂದೆ ನಿಂತು ಮಾಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಅದಾದ ಮೇಲೆ ಫೋನಲ್ಲಿ ನನ್ನ ದನಿ ರೆಕಾರ್ಡ್ ಮಾಡಿ, ನಿಘಂಟಿನ ದನಿ ಒಮ್ಮೆ, ನನ್ನದು ಒಮ್ಮೆ ಕೇಳುವುದು. ಕೊನೆಗೆ ಆ ಪದ ಇರುವ ಪೂರ್ತಿ ವಾಕ್ಯ. ಒಂಟಿ ಪದ ಸರಿ ಬಂದು ವಾಕ್ಯದಲ್ಲಿ ಹಳೆಯ ಅಭ್ಯಾಸ ವಾಪಸ್ ಬರುವುದು ಸಾಮಾನ್ಯ, ಅದಕ್ಕೆ ವಾಕ್ಯ ಹೇಳದೆ ಬಿಡಬೇಡಿ.

ಫೋನಿನ ವಾಯ್ಸ್ ಟೈಪಿಂಗ್‌ನಿಂದಲೂ ಪರೀಕ್ಷಿಸಬಹುದು ಅಂತ ಹಲವರು ಹೇಳುತ್ತಾರೆ. ಪ್ರಯೋಜನ ಇದೆ, ಆದರೆ ಅದು ಅಕ್ಕಪಕ್ಕದ ಪದ ನೋಡಿ ಊಹಿಸಿ ಬರೆಯುತ್ತದೆ. ಸರಿಯಾಗಿ ಟೈಪಾಯಿತು ಅಂದ ಮಾತ್ರಕ್ಕೆ ಉಚ್ಚಾರ ಸರಿ ಇದೆ ಅಂತ ಅಲ್ಲ.

ಕನ್ನಡದ ಬಾಯಿಗೆ ಇನ್ನೂ ಒಂದಷ್ಟು ಅಭ್ಯಾಸಗಳಿವೆ, ಗೆಳತಿ ತೋರಿಸಿಕೊಡುವವರೆಗೆ ನನಗೆ ಕೇಳಿಸುತ್ತಲೇ ಇರಲಿಲ್ಲ. ಪದದ ಮೊದಲಿನ ಎ ಮುಂದೆ ಯ, ಒ ಮುಂದೆ ವ ನುಸುಳುತ್ತದೆ. 'ಎಲ್ಲಿ' ಅನ್ನುವಾಗ 'ಯೆಲ್ಲಿ' ಅಂತ ಬರುವಂತೆ 'ಎರುಡೈಟ್' ಹೋಗಿ 'ಯೆರುಡೈಟ್' ಆಗುತ್ತದೆ, 'ಒಪೇಕ್' ಹೋಗಿ 'ವೊಪೇಕ್'. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಬಸ್ಸು, ಕಾರು ಥರ ಕೊನೆಯಲ್ಲಿ ಸಣ್ಣ ಉ ಸೇರುತ್ತದೆ. ನಮ್ಮ ಟ, ಡ ನಾಲಿಗೆ ಮಡಚಿ ಬರುತ್ತವೆ, ಅವರದ್ದು ಹಲ್ಲಿನ ಹಿಂದಿನ ದಿಬ್ಬಕ್ಕೆ ತಾಗಿ ಬರುತ್ತದೆ. ಇವೆಲ್ಲ ಪೂರ್ತಿ ಹೋಗಬೇಕು ಅಂತ ನನಗೆ ಅನ್ನಿಸುವುದಿಲ್ಲ. ಕನ್ನಡದವರ ಇಂಗ್ಲಿಷ್ ಕನ್ನಡದವರ ಥರ ಕೇಳಿಸುವುದರಲ್ಲಿ ತಪ್ಪೇ ಇಲ್ಲ. ಸಮಯ ಕಡಿಮೆ ಇದ್ದರೆ ಒತ್ತನ್ನು ಸರಿ ಮಾಡಿಕೊಳ್ಳಿ, ಆಮೇಲೆ ವ ಎರಡನ್ನು. ಉಳಿದದ್ದು ಹಾಗೇ ಇದ್ದರೂ ಎದುರಿನವರಿಗೆ ಅರ್ಥವಾಗುತ್ತದೆ.

ಸಂದರ್ಶನಕ್ಕೆ ಮುಂಚಿನ ವಾರಗಳಲ್ಲಿ ಹೊಸ ಪದ ಕಲಿಯುವುದನ್ನು ಬಿಟ್ಟುಬಿಟ್ಟೆ. ನನ್ನ ವಿಷಯದ ಬಗ್ಗೆ ಮಾತಾಡುವಾಗ ಖಂಡಿತ ಬರುವ ಪದಗಳನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದು, ಒತ್ತಿನ ಸಿಲಬಲ್‌ಗೆ ಅಡಿಗೆರೆ ಹಾಕಿ, ಓಡಾಡುತ್ತಾ ಹೇಳುತ್ತಿದ್ದೆ. ಗೆಳತಿ ದಿನಾ ಸ್ವಲ್ಪ ಹೊತ್ತು ಫೋನಲ್ಲಿ ಪ್ರಶ್ನೆ ಕೇಳುತ್ತಿದ್ದಳು. "ತಡವರಿಸಿದ್ರೆ ನಿಲ್ಲಿಸಬೇಡ್ವೇ, ಸುಲಭದ ಪದ ಹಾಕಿ ಮುಂದೆ ಹೋಗು" ಅಂತ ಅವಳು ಹೇಳಿಕೊಟ್ಟದ್ದು ಆ ದಿನ ಕೈ ಹಿಡಿಯಿತು. ಮಧ್ಯದಲ್ಲಿ ಒಂದು ಕಡೆ 'ಅನಾಮಲಿ' ಬೇಕಾಗಿತ್ತು, ನಾಲಿಗೆ ತಿರುಗುವುದಿಲ್ಲ ಅನ್ನಿಸಿತು, ಅದರ ಬದಲು ವಿಚಿತ್ರವಾಗಿ ಕಂಡ ಒಂದು ಫಲಿತಾಂಶ ಅಂತ ಸಾದಾ ಇಂಗ್ಲಿಷ್‌ನಲ್ಲಿ ಹೇಳಿದೆ. ಪ್ರೊಫೆಸರ್ ತಲೆಯಾಡಿಸಿ, ತಮ್ಮ ಮುಂದಿನ ಪ್ರಶ್ನೆಯಲ್ಲಿ ಅದೇ 'ಅನಾಮಲಿ' ಪದ ಬಳಸಿದರು. ಅವರು ಹೇಳಿದ್ದು ಕೇಳಿಸಿಕೊಂಡ ಮೇಲೆ ಉತ್ತರದಲ್ಲಿ ನಾನೂ ಧೈರ್ಯವಾಗಿ ಅದನ್ನೇ ಹೇಳಿದೆ. ಎಲ್ಲೂ ಯಾರೂ 'ಪಾರ್ಡನ್' ಅನ್ನಲಿಲ್ಲ, ನನಗೆ ಅಷ್ಟು ಸಾಕಾಗಿತ್ತು.

ತುಂಬಾ ಜನ ಕೇಳಿದ ಪ್ರಶ್ನೆ: ಎಷ್ಟು ಪದ ಕಲಿತರೆ ಸಾಕು? ಜಿಆರ್‌ಇ ನಡೆಸುವ ಇಟಿಎಸ್ ಯಾವ ಅಧಿಕೃತ ಪದಪಟ್ಟಿಯನ್ನೂ ಕೊಡುವುದಿಲ್ಲ. ಹೊರಗೆ ಸಿಗುವ ಪಟ್ಟಿಗಳೆಲ್ಲ ಹಳೆಯ ಪ್ರಶ್ನೆಗಳನ್ನು ನೋಡಿ ಬೇರೆಯವರು ಮಾಡಿದ ಅಂದಾಜು. ತಳಪಾಯ ಗಟ್ಟಿ ಇಲ್ಲ ಅನ್ನಿಸಿದರೆ ಮೊದಲು ಅಕಾಡೆಮಿಕ್ ವರ್ಡ್ ಲಿಸ್ಟ್ ನೋಡಿ. ಏವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ್ದು, ಬೇರೆ ಬೇರೆ ವಿಷಯಗಳ ವಿದ್ವತ್ ಬರಹಗಳಲ್ಲಿ ಮತ್ತೆ ಮತ್ತೆ ಬರುವ 570 ಪದಕುಟುಂಬಗಳು ಅದರಲ್ಲಿವೆ, ಉಚಿತವಾಗಿ ಸಿಗುತ್ತದೆ. ಅವುಗಳ ಎರಡನೇ ಅರ್ಥ, ಒತ್ತು, ಒಂದೊಂದು ವಾಕ್ಯ ಮೂರೂ ಗೊತ್ತಿದೆ ಅನ್ನಿಸಿದ ಮೇಲೆ ಜಿಆರ್‌ಇಯ ದೊಡ್ಡ ಪದಗಳಿಗೆ ಬನ್ನಿ. ಇಟಿಎಸ್ ತಾಣದಲ್ಲಿ ಸಿಗುವ ಉಚಿತ ಅಭ್ಯಾಸ ಪರೀಕ್ಷೆಗಳನ್ನು ಮೊದಲೇ ಖರ್ಚು ಮಾಡಿಬಿಡಬೇಡಿ. ಒಂದನ್ನು ಶುರುವಿನಲ್ಲಿ ಬರೆಯಿರಿ, ಇನ್ನೊಂದನ್ನು ಪರೀಕ್ಷೆಗೆ ಒಂದು ವಾರ ಇರುವಾಗ, ಗಡಿಯಾರ ಇಟ್ಟುಕೊಂಡು ಬರೆಯಿರಿ.